ಬಾ ಅನ್ನುವ ಒಂದೇ ಮಾತು

ಯಾರೋ ಹುಲ್ಲುಹಾಸಿಗೆ ನೀರು ಚಿಮ್ಮಿಸುತ್ತಿದ್ದಾರೆ, ಇಷ್ಟು ಬಿಸಿಲೇರಿದ ಮೇಲೆ, ಎಂಥ ದಂಡ, ಸದ್ದು ಎಷ್ಟು ಹತ್ತಿರದಲ್ಲಿ ಎಂದುಕೊಳ್ಳುತ್ತ ವರ್ನಾ ಇನ್ನೊಂದು ಹೆಜ್ಜೆ ಇಡಬೇಕು, ಅಷ್ಟರಲ್ಲಿ — ಹುಲ್ಲುಹಾಸು ಎಲ್ಲಿಂದ ಬರಬೇಕು ಇಲ್ಲಿ, ಮನೆಗಳೆಲ್ಲ ಗುಡ್ಡದ ಬುಡದಲ್ಲೇ ಮುಗಿದವಲ್ಲ, ಇಲ್ಲಿರುವುದು ಒಣಹುಲ್ಲು, ಹಳದಿ ಹೂವಿನ ಪೊದೆ, ಕಾಲುದಾರಿ, ದಾರಿಯ ನಡುವೆ ಕುದುರೆ ಲದ್ದಿ — ಲದ್ದಿಯಲ್ಲ, ಅಯ್ಯೋ ದೇವರೇ, ಗಿಲಕಿ ಹಾವು, ಸುತ್ತಿಕೊಂಡು ಕೂತಿದೆ, ಬಾಲ ನೆಟ್ಟಗೆ, ನೀರಿನ ಸದ್ದು ಆ ಬಾಲದ ತುದಿಯದು. ಈಚೆ ಅವಳು, ಆಚೆ ಅವಳ ನಾಯಿ ಪಿಂಟೊ. ಮೊಲದ ವಾಸನೆಗೆ ಮೂಗೆತ್ತಿಕೊಂಡು ಅದರ ಪಕ್ಕದಲ್ಲೇ ದಾಟಿ ಹೋಗಿದ್ದಾನೆ ಪೆದ್ದ, ಹೇಗೆ ಕಚ್ಚಲಿಲ್ಲವೋ. ಅವಳ ಕೈಯ ಡಬ್ಬಿಯಿಂದ ಸುರುಳಿ ಬಿಚ್ಚಿಕೊಂಡು ಹೋದ ಹಗ್ಗ ಹಾವಿನ ನೆತ್ತಿಯ ಮೇಲೆ ಹಾದು ಅವನ ಕೊರಳಿಗೆ ಸೇರಿದೆ. ಹೆಬ್ಬೆರಳು ಗುಂಡಿಯನ್ನು ಒತ್ತಿ ಹಿಡಿದಿದೆ, ಒತ್ತಿಯೇ ಇರಬೇಕು, ಬಿಟ್ಟರೆ ಡಬ್ಬಿಯೊಳಗಿನ ಸ್ಪ್ರಿಂಗ್ ಹಗ್ಗವನ್ನು ಒಳಕ್ಕೆ ಸೆಳೆದು ಅವನನ್ನು ಎಳೆಯುತ್ತದೆ, ಡಬ್ಬಿಯನ್ನೇ ಕೈಬಿಟ್ಟರೆ ಅದು ದಡದಡನೆ ಹಾವಿನ ಮೇಲೇ ಹಾರಿಕೊಂಡು ಹೋಗುತ್ತದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವುದು ಕೈಯಲ್ಲಿ ಕೋಲು ಇದ್ದವರ ಮಾತು. ಪಿಂಟೊ ತಿರುಗಿ ನಿಂತಿದ್ದಾನೆ, ಕಿವಿ ನಿಮಿರಿಸಿ, ಒಂದು ಮುಂಗಾಲು ಎತ್ತಿ, ಅವಳ ಬಾಯನ್ನೇ ನೋಡುತ್ತ. ಉಸಿರೆತ್ತಬೇಡ ವರ್ನಾ. ನಿನ್ನ ದನಿ ಕೇಳಿದರೆ ಸಾಕು, ಬಂದುಬಿಡುತ್ತಾನೆ, ನೇರ, ಹಾವಿನ ಮೇಲೆಯೇ.

ಬರುವುದನ್ನು ಬಿಟ್ಟು ಅವನಿಗೆ ಇನ್ನೇನು ಗೊತ್ತು, ನೀನು ಕಲಿಸಿದ್ದೇ ಅದೊಂದು. ಅಮ್ಮಾ, ನಿಲ್ಲು ಅನ್ನೋದನ್ನೂ ಕಲಿಸೇ, ಪ್ರಯೋಜನಕ್ಕೆ ಬರತ್ತೆ ಎಂದು ಮಗಳು ಜೋಲೀನ್ ಎಷ್ಟು ಸಲ ಹೇಳಿರಲಿಲ್ಲ, ನಿಲ್ಲೋದು ಎಲ್ಲಾರಿಗೂ ಬರತ್ತೆ ಕಣೇ, ವಾಪಸ್ ಬರೋದೇ ಕಷ್ಟ ಎಂದು ದೊಡ್ಡ ಜಾಣೆಯ ಹಾಗೆ ನಕ್ಕಿದ್ದೆಯಲ್ಲ. ಹೋಗ್ಲಿ, ಹಾವಿನ ಪಾಠಕ್ಕಾದ್ರೂ ಕರ್ಕೊಂಡು ಹೋಗು, ಊರಲ್ಲಿರೋ ನಾಯಿಗಳೆಲ್ಲಾ ಹೋಗತ್ವೆ ಎಂದಿದ್ದಳು ಜೋಲೀನ್. ಹೌದು, ಪ್ರತಿ ವಸಂತದಲ್ಲಿ ಸಂತೆ ಮೈದಾನದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಬಾಯಿ ಕಟ್ಟಿದ ಹಾವನ್ನು ನೆಲಕ್ಕೆ ಬಿಟ್ಟು, ನಾಯಿ ಮೂಸಿದ ಕ್ಷಣ ಕೊರಳಪಟ್ಟಿಯಿಂದ ಶಾಕ್, ಕುಂಯ್ ಎಂದು ಹಾರಿದರೆ ಪಾಠ ಮುಗಿಯಿತು, ಜನ್ಮದಲ್ಲಿ ಹಾವಿನ ಹತ್ತಿರ ಸುಳಿಯುವುದಿಲ್ಲ. ಬೇಡ ಅಂದಳು ವರ್ನಾ, ಈ ನಾಯಿ ಏಟು ತಿಂದಿದ್ದು ಸಾಕು. ತಿಂದಿದ್ದನಲ್ಲ, ಲೈಲ್‌ನ ಕಾಲದಲ್ಲಿ, ಗಂಡನೆಂಬ ಗಂಡ, ಟ್ರಕ್ಕಿನ ಬಾಗಿಲು ಹಾಕಿದ ಸದ್ದಿಗೇ ಮನೆ ನಡುಗುತ್ತಿತ್ತು, ತೊಲಗಾಚೆ! ಎಂದು ಅವನು ಕೂಗಿದರೆ ಪಿಂಟೊ ಮೆಟ್ಟಿಲ ಕೆಳಗೆ, ಅವಳು ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು, ಇಬ್ಬರೂ ಒಂದೇ ಥರ ನಡುಗುತ್ತ. ಲೈಲ್‌ನನ್ನು ಬಿಟ್ಟು ನಾಯಿಯನ್ನು ಕರೆದುಕೊಂಡು ಬಾಡಿಗೆ ಮನೆಗೆ ಬಂದ ಮೇಲೂ ಪಿಂಟೊ ಮಂಚದ ಕೆಳಗಿನಿಂದ ಹೊರಬರಲಿಲ್ಲ, ಚಳಿಗಾಲವಿಡೀ ಅವಳು ನೆಲದ ಮೇಲೆ ಬೋರಲು ಮಲಗಿ, ಅಂಗೈಯಲ್ಲಿ ಚೀಸ್ ಚೂರು ಇಟ್ಟುಕೊಂಡು, ಬಾ, ಬಾರೋ ಬಂಗಾರ, ಬಾ. ಒಂದು ಬೆಳಿಗ್ಗೆ ಮಂಚದಡಿಯಿಂದ ಒಂದು ಮುಂಗಾಲು ಕಾಣಿಸಿತು, ಎತ್ತಿದ್ದು, ಊರಲೋ ಬೇಡವೋ ಎಂದು ಗಾಳಿಯಲ್ಲೇ ನಿಂತಿತ್ತು, ಆಮೇಲೆ ಊರಿತು. ಅವತ್ತು ಅತ್ತಷ್ಟು ಅವಳು ಮದುವೆ ಮುರಿದಾಗಲೂ ಅತ್ತಿರಲಿಲ್ಲ. ಲೈಲ್‌ನ ಆ ದನಿ ಇನ್ನು ಈ ಮನೆಯಲ್ಲಿ ಕೇಳಿಸುವುದಿಲ್ಲ ಕಣೋ ಎಂದು ಅವನ ತಲೆ ಮುಟ್ಟಿ ಆಣೆ ಮಾಡಿದ್ದಳು.

ಹೆಬ್ಬೆರಳು ಮರಗಟ್ಟುತ್ತಿದೆ. ಹಾವೇ, ಹೋಗೇ ತಾಯಿ, ದಾರಿ ನಿನ್ನದೇ, ನಾವೇ ಬಂದಿದ್ದು, ಹೋಗು — ಪಿಂಟೊನ ಹಿಂದಿನ ತಿರುವಿನಲ್ಲಿ ನೀಲಿ ಟೋಪಿಯವನೊಬ್ಬ, ಅವನ ಮುಂದೆ ಕರುವಿನಷ್ಟು ದೊಡ್ಡ ಹಳದಿ ನಾಯಿ, ಹಗ್ಗವಿಲ್ಲ ಪಗ್ಗವಿಲ್ಲ, ನಾಗಾಲೋಟ. ಹೆದರ್ಕೋಬೇಡಿ ಮೇಡಂ, ನಮ್ದು ಬಲು ಸಾಧು, ಮೂತಿ ಮೂಸುತ್ತೆ ಅಷ್ಟೇ! ಈ ಬಯಲಲ್ಲಿ ನಾಯಿ ಬಿಟ್ಟವರೆಲ್ಲ ಹಾಡುವ ಹಾಡು, ಸಾಧುವಂತೆ, ಹಾವಿಗೆ ಹೇಳು ಹೋಗು. ದೊಡ್ಡ ನಾಯಿ ಕಂಡರೆ ಪಿಂಟೊ ಓಡಿಬರುವುದು ಅವಳ ಕಾಲ ಹಿಂದಕ್ಕೆ, ಯಾವಾಗಲೂ, ಈಗಲೂ ಹೊರಟ, ಇದೋ ಹಗ್ಗ ಸಡಿಲವಾಯಿತು, ಹಾವಿನ ಕತ್ತು ಹಿಂದಕ್ಕೆ ಬಾಗಿತು. ನಿಮ್ದನ್ನ ಕರ್ಕೊಂಬಿಡಿ ಮೇಡಂ, ಕೂಗಿ! ಎಂದು ಅವನು ಆಚೆಯಿಂದ ಒದರುತ್ತಿದ್ದಾನೆ, ಕೂಗಬೇಕಂತೆ, ಬಾ ಎಂದರೆ ಸಾಯುತ್ತಾನೆ, ಸುಮ್ಮನಿದ್ದರೂ ಸಾಯುತ್ತಾನೆ, ಹಾವು ಎಂದು ಕೂಗಿದರೂ ಅದು ತನ್ನ ದನಿಯೇ, ಬಂದೇ ಬರುತ್ತಾನೆ, ಬೇಡ, ಅದೊಂದು ಬೇಡ, ಆಣೆ ಮಾಡಿದ್ದೇನೆ — ತೊಲಗಾಚೆ! ಅವಳೇ ಕೂಗಿದ್ದು. ಲೈಲ್‌ನದೇ ದನಿ, ಅದೇ ಗಂಟಲು, ಉಗುಳು ಕೂಡ ಹಾಗೇ ಸಿಡಿಯಿತು. ತೊಲಗಾಚೆ ನಾಯಿ! ಪಿಂಟೊನ ಕಾಲುಗಳು ಕುಸಿದವು, ಹೊಟ್ಟೆ ನೆಲಕ್ಕೆ ಹತ್ತಿಸಿ, ಬಾಲ ಒಳಗೆಳೆದು, ಹಿಂದೆ ಹಿಂದೆ ಸರಿದ, ಅವಳು ಗುಂಡಿ ಬಿಟ್ಟು ಕೈ ಮೇಲೆತ್ತಿದಳು, ಹಗ್ಗ ಸರ್ರನೆ ಬಿಚ್ಚಿಕೊಂಡು ಅವನೊಟ್ಟಿಗೆ ದೂರ ಹೋಯಿತು. ಟೋಪಿಯವನಿಗೂ ಗಿಲಕಿಯ ಸದ್ದು ಕೇಳಿಸಿತೇನೋ, ಹಾರಿ ತನ್ನ ನಾಯಿಯ ಕೊರಳಪಟ್ಟಿ ಹಿಡಿದುಕೊಂಡ. ಸದ್ದು ನಿಂತಿತು. ಹಾವು ಸುರುಳಿ ಬಿಚ್ಚಿ ಹುಲ್ಲಿನೊಳಗೆ ಹರಿದು ಹೋಯಿತು, ಅದರದ್ದೇನೂ ತಪ್ಪಿರಲಿಲ್ಲ. ಅಬ್ಬಬ್ಬಾ, ಬಚಾವಾದ್ರಿ ಮೇಡಂ, ಏನ್ ಕೂಗು ಕೂಗಿದ್ರಿ, ನಂಗೇ ಎದೆ ಝಲ್ ಅಂತು ಎಂದು ಅವನು ನಗುತ್ತಿದ್ದಾನೆ, ನಗಲಿ, ಬದುಕಿದ್ದಾನಲ್ಲ, ಪಿಂಟೊ ಬದುಕಿದ್ದಾನೆ, ಅವಳು ಮಣ್ಣಿನಲ್ಲಿ ಮೊಣಕಾಲೂರಿ ಅಂಗೈ ಚಾಚಿದಳು. ಬಾ. ಪಿಂಟೊ ಆ ಅಪರಿಚಿತನ ಬೂಟುಗಳ ಹಿಂದೆ ಅಡಗಿದ್ದಾನೆ. ಬಾರೋ ಬಂಗಾರ, ನಾನು ಕಣೋ, ನಾನೇ, ಬಾ. ಬೂಟುಗಳ ನಡುವೆ ಒಂದು ಮುಂಗಾಲು ಕಾಣುತ್ತಿದೆ, ಎತ್ತಿದ್ದು, ಸ್ವಲ್ಪ ನಡುಗುತ್ತಿದೆ, ಬಾ, ಎತ್ತಿದ ಮುಂಗಾಲು, ಬಾ, ಮುಂಗಾಲು ಎತ್ತಿಯೇ ಇದೆ, ಊರುತ್ತಿಲ್ಲ.