ಮಾಮೂಲಿ ಗಿಡ

ಜಾವಳಿಯ ರುಕ್ಮಿಣಮ್ಮನವರು ಪರೀಕ್ಷೆಗೆಂದು ಕಾಫಿ ಎಲೆಗಳನ್ನು ಬಾಳೆಲೆಯಲ್ಲಿ ಸುತ್ತಿ ತಂದಿದ್ದರು. ಮೂಡಿಗೆರೆಯ ನಮ್ಮ ಲ್ಯಾಬ್ ಕೊಟ್ಟಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಎಲೆ ಬೆವರುತ್ತದಂತೆ. ಅವರ ಮಾತು ಸರಿಯೇ.

ಅವರ ತೋಟದ ಒಂದು ಬ್ಲಾಕಿನಲ್ಲಿ ಅರೇಬಿಕಾ ಗಿಡಗಳೆಲ್ಲ ಎಲೆತುಕ್ಕು ರೋಗಕ್ಕೆ ಬೋಳಾಗಿದ್ದವು, ಒಂದನ್ನು ಬಿಟ್ಟು. ಹನ್ನೆರಡು ವರ್ಷದಲ್ಲಿ ಆ ಗಿಡದ ಎಲೆಗೆ ಒಂದು ಚುಕ್ಕೆಯೂ ಬಂದಿಲ್ಲ ಎಂದರು. ಕೊಯ್ಲು ಮುಗಿದ ಮೇಲೆ ಬ್ಲಾಕನ್ನೆಲ್ಲ ಕಿತ್ತು ಹೊಸ ಗಿಡ ಹಾಕಲು ಜೆಸಿಬಿಗೆ ಹೇಳಿಯಾಗಿತ್ತು. ನಾನು ವಿಶೇಷವಿದೆ ಎಂದರೆ ಆ ಒಂದು ಗಿಡ ಉಳಿಯುತ್ತಿತ್ತು.

ಗಿಡದ ಡಿಎನ್‌ಎಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ ತೋರಿಸುವ ತಂತ್ರಾಂಶವೊಂದಿದೆ. ಕೋಟಿಗಟ್ಟಲೆ ತುಣುಕುಗಳು ಬೂದು ಪಟ್ಟಿಗಳಾಗಿ ಸಾಲು ಕೂರುತ್ತವೆ. ಬೇರೆ ಗಿಡಗಳಿಗಿಂತ ಭಿನ್ನವಾದ ಕಡೆ ಬಣ್ಣದ ಗೆರೆ ಕಾಣುತ್ತದೆ. ಅರೇಬಿಕಾ ಎರಡು ಜಾತಿ ಕೂಡಿ ಹುಟ್ಟಿದ ಗಿಡ. ಹಾಗಾಗಿ ಕೆಲವು ತುಣುಕು ಯಾವ ಜಾತಿಯ ಕಡೆಯವೆಂದು ತಂತ್ರಾಂಶಕ್ಕೇ ತಿಳಿಯುವುದಿಲ್ಲ. ಅಂಥ ಅನುಮಾನದವನ್ನು ಮರೆಮಾಡಲು ಒಂದು ಬಟನ್ ಇದೆ. ತೆರೆ ಚೊಕ್ಕಟವಾಗಿರಲಿ ಎಂದು ನಾನು ಅದನ್ನು ಒತ್ತಿಯೇ ಇಟ್ಟಿದ್ದೆ. ನನಗೆ ಮೊದಲಿನಿಂದಲೂ ಗಲೀಜು ಕಂಡರೆ ಆಗುವುದಿಲ್ಲ.

ಮಾಮೂಲಿ ಗಿಡ ಎಂದು ರುಕ್ಮಿಣಮ್ಮನವರಿಗೆ ಫೋನಿನಲ್ಲಿ ಹೇಳಿದೆ. ಖಂಡಿತವಾ ಎಂದು ಕೇಳಿದರು. ಖಂಡಿತ ಎಂದೆ.

ಮೂರು ತಿಂಗಳ ಮೇಲೆ ಬೇರೇನೋ ಕೆಲಸಕ್ಕೆ ಅದೇ ಗಿಡದ ಚಿತ್ರ ತೆರೆದು ಆ ಬಟನ್ ಆಫ್ ಮಾಡಿದೆ. ತುಕ್ಕು ತಡೆಯುವ ಜೀನುಗಳ ಜಾಗದಲ್ಲಿ ಪಟ್ಟಿಗಳು ಬಂದು ತುಂಬಿಕೊಂಡವು, ಮೇಲೆಲ್ಲ ಬಣ್ಣದ ಗೆರೆ. ಅಂಥದ್ದು ನಮ್ಮ ಸಂಗ್ರಹದ ಯಾವ ಗಿಡದಲ್ಲೂ ಇರಲಿಲ್ಲ. ಖಾಲಿ ಕಂಡ ಜಾಗವನ್ನು ನಾನು ಏನೂ ಇಲ್ಲ ಎಂದು ಓದಿದ್ದೆ.

ಫೋನಿನಲ್ಲಿ ಹೇಳಲು ಧೈರ್ಯ ಸಾಲದೆ ಲ್ಯಾಪ್‌ಟಾಪ್ ಹಿಡಿದು ಜಾವಳಿಗೆ ಹೋದೆ. ಬ್ಲಾಕಿನಲ್ಲಿ ಬರೀ ಕೆಂಪು ಮಣ್ಣಿತ್ತು. ಆ ಗಿಡದ ಬೀಜವನ್ನಾದರೂ ಇಟ್ಟಿದ್ದೀರಾ ಎಂದು ರುಕ್ಮಿಣಮ್ಮನವರನ್ನು ಕೇಳಿದೆ. ಮಾಮೂಲಿ ಗಿಡದ ಬೀಜ ಬೇರೆ ಇಡುವವರುಂಟೇ, ಹಣ್ಣೆಲ್ಲ ಒಟ್ಟಿಗೇ ಸಿಪ್ಪೆ ಬಿಡಿಸುವ ಪಲ್ಪರಿಗೆ ಹೋಯಿತು ಎಂದರು. ನಾನು ತಪ್ಪು ಒಪ್ಪಿಕೊಂಡೆ. ಹಾಗಾದರೆ ಲ್ಯಾಪ್‌ಟಾಪಿನಲ್ಲಿ ಆ ಗಿಡ ತೋರಿಸಿ ಎಂದರು ಅವರು. ನಾನು ಬಣ್ಣದ ಗೆರೆಗಳನ್ನು ತೋರಿಸಿದೆ.

"ಸ್ವಲ್ಪ ದೂರದಿಂದ ತೋರ್ಸಿ ಮೇಡಂ, ಇಡೀ ಗಿಡ ಕಾಣೋ ಹಾಗೆ."

ಝೂಮ್ ಔಟ್ ಮಾಡಿ ಚಿತ್ರವನ್ನು ದೂರ ಸರಿಸಿದೆ. ಪಟ್ಟಿಗಳೆಲ್ಲ ಮಾಯವಾಗಿ ತೆರೆ ಬೆಳ್ಳಗಾಯಿತು. ನಡುವೆ ಒಂದು ಸಾಲು ಇಂಗ್ಲಿಷ್ ಉಳಿಯಿತು. ಏನು ಬರೆದಿದೆ ಎಂದು ಕೇಳಿದರು. ಹತ್ತಿರ ಬಂದರೆ ಮಾತ್ರ ಕಾಣುತ್ತದೆ ಎಂದು ಬರೆದಿದೆ ಎಂದೆ.

ಅವರು ತೆರೆಯನ್ನೇ ನೋಡುತ್ತಿದ್ದರು.

"ಹನ್ನೆರಡು ವರ್ಷ ಹತ್ತಿರದಿಂದ್ಲೇ ನೋಡಿದ್ದೆ ಮಾರಾಯ್ತಿ. ನೀವು ಖಂಡಿತ ಅಂದ್ರಿ ಅಂತ ಕೀಳ್ಸಿದೆ."