ಹಸಿದ ನಾಯಿಯ ಕಚ್ಚು

ಮೂರು ವರ್ಷ ನನ್ನನ್ನು ಅವರು 'ತಟ್ಟೆ ತೊಳೆಯೋನು' ಅಂತಲೇ ಕರೆದರು. ಬ್ಯಾಂಡಿನಲ್ಲಿ ಸಿಂಬಲ್ ಹಿಡಿಯುವವನಿಗೆ ನಮ್ಮ ಹೈಸ್ಕೂಲಿನಲ್ಲಿದ್ದ ಬಿರುದು ಅದು. ಎರಡು ಕಂಚಿನ ತಟ್ಟೆ ಹಿಡಿದು, ಹೇಳಿದಾಗ ಒಂದಕ್ಕೊಂದು ಬಡಿದು, ಉಳಿದ ಹೊತ್ತು ಕಂಬದ ಹಾಗೆ ನಿಂತಿರಬೇಕು. ನನ್ನ ಮುಂದಿನ ಸಾಲಿನಲ್ಲಿ, ಹೆಗಲಿಗೆ ನೇತುಹಾಕಿ ಎರಡು ಕೋಲಿನಿಂದ ಬಾರಿಸುವ ಸ್ನೇರ್ ಡ್ರಮ್ಮಿನ ಎಂಟು ಜನ. ಹುಡುಗಿಯರು ನೋಡುವುದು ಅವರನ್ನು, ಚರ್ಚಿನಲ್ಲಿ ಪಾದ್ರಿ ಹೆಸರು ಹಿಡಿದು ಮಾತಾಡಿಸುವುದು ಅವರನ್ನು. ಅಲಬಾಮಾದ ನಮ್ಮಂಥ ಊರುಗಳಲ್ಲಿ ಶುಕ್ರವಾರದ ಫುಟ್‌ಬಾಲ್ ಪಂದ್ಯಕ್ಕೆ ಬಂದವರಲ್ಲಿ ಅರ್ಧ ಜನಕ್ಕೆ ಗೆದ್ದವರು ಯಾರು ಅಂತಲೇ ಗೊತ್ತಿರುವುದಿಲ್ಲ. ಅವರು ಬರುವುದು ಮಧ್ಯದ ಬಿಡುವಿನಲ್ಲಿ ಬ್ಯಾಂಡ್ ನೋಡುವುದಕ್ಕೆ.

ನನ್ನಪ್ಪ, ಇಬ್ಬರು ದೊಡ್ಡಪ್ಪಂದಿರು, ಮೂವರೂ ಆ ಎಂಟರಲ್ಲಿ ನಿಂತವರು. ನಾನು ಆ ಸಾಲಿಗೆ ಸೇರಲು ಮೂರು ಸಲ ಪರೀಕ್ಷೆ ಕೊಟ್ಟು ಮೂರು ಸಲವೂ ಸೋತಿದ್ದೆ. ಮೂರನೇ ಸಲ ಸೋತು ಬಂದ ದಿನ ಹಿರಿಯ ದೊಡ್ಡಪ್ಪ ಅಂಗಳದಲ್ಲಿ ಹಂದಿಮಾಂಸ ಸುಡುತ್ತಾ, ನನ್ನ ಕಡೆ ತಿರುಗಿಯೂ ನೋಡದೆ, "ನಮ್ಮ ರಕ್ತ ಇವನ ಹತ್ರ ಬರೋ ಹೊತ್ತಿಗೆ ನೀರಾಗಿಬಿಡ್ತು ಕಣೋ" ಅಂತ ನನ್ನಪ್ಪನಿಗೆ ಹೇಳಿದ. ಅಪ್ಪ ನಕ್ಕ. ಆ ನಗು ನಾನು ಮರೆಯಲಿಲ್ಲ, ಮರೆಯುವ ಜಾತಿಯವನೂ ಅಲ್ಲ.

ಹನ್ನೆರಡನೇ ತರಗತಿಗೆ ಬಂದೆ. ಎಂಟರಲ್ಲಿ ಒಬ್ಬ ಶಾಲೆ ಮುಗಿಸಿ ಹೋಗಿದ್ದ, ಒಂದು ಜಾಗ ಖಾಲಿ. ಅದು ನನ್ನ ಕೊನೆಯ ಪರೀಕ್ಷೆ. ಈ ಸಲ ತಪ್ಪಿದರೆ ಸಾಯುವ ತನಕ ನಾನು ತಟ್ಟೆ ತೊಳೆಯೋನೇ.

ಜುಲೈನಲ್ಲಿ ಜರ್ಲೀಸಾ ನಮ್ಮ ಹಿತ್ತಲಿಗೆ ಬಂದಳು. ಚಿಕ್ಕಮ್ಮನ ಮಗಳು, ಹದಿನಾಲ್ಕು ವರ್ಷ, ಆಗಷ್ಟೇ ಹೈಸ್ಕೂಲಿಗೆ ಸೇರಿದ್ದಳು. ಕಡ್ಡಿಯಂಥ ಕಾಲು, ಬಾಯಲ್ಲಿ ಯಾವಾಗಲೂ ಕಟಕಟ ಅನ್ನುವ ಐಸ್ ತುಂಡು, ಹಿಂದಿನ ಜೇಬಿನಲ್ಲಿ ಡ್ರಮ್ಮಿನ ಎರಡು ಕೋಲು.

"ಅಣ್ಣ, ನಾನೂ ಪರೀಕ್ಷೆಗೆ ನಿಲ್ತೀನಿ. 'ಹಸಿದ ನಾಯಿ' ಹೇಳ್ಕೊಡ್ತೀಯಾ?"

'ಹಸಿದ ನಾಯಿ' ಅಂದರೆ ನಮ್ಮ ಶಾಲೆಯ ಡ್ರಮ್ಮಿನ ನಡೆ. ನಮ್ಮವರು ಮೈದಾನಕ್ಕೆ ಕಾಲಿಡುವುದೇ ಅದನ್ನು ಬಾರಿಸುತ್ತಾ. ಅದನ್ನು ಯಾರೂ ಕಾಗದದ ಮೇಲೆ ಬರೆದಿಲ್ಲ, ಬರೆಯಲು ಬಿಡುವುದೂ ಇಲ್ಲ. ಬ್ಯಾಂಡಿನೊಳಗಿದ್ದವನ ಕೈಯಿಂದ ಹೊಸಬನ ಕೈಗೆ ಹೋಗಬೇಕು. ಅದಕ್ಕೊಂದು ಕಟ್ಟಳೆಯೂ ಇತ್ತು: ತಪ್ಪು ಬಾರಿಸಿದರೆ, ಬಾರಿಸಿದವನ ಜೊತೆ ಹೇಳಿಕೊಟ್ಟವನೂ ಹೊರಗೆ. ಹಾಗಾಗಿ ಡ್ರಮ್ಮಿನವರು ಯಾರೂ ಹೊಸಬರಿಗೆ ಹೇಳಿಕೊಡಲು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಸಿಂಬಲ್ಲಿನವನಾದ ನನ್ನ ಹತ್ತಿರ ಬಂದಿದ್ದಳು ಅಂದರೆ, ಬೇರೆ ಯಾರೂ ಅವಳನ್ನು ಹತ್ತಿರ ಸೇರಿಸಿರಲಿಲ್ಲ ಅಂತ ಅರ್ಥ.

"ನಿನ್ನ ಕೈಯಲ್ಲಿ ಆಗತ್ತೇನೇ ಗುಬ್ಬಚ್ಚಿ?" ಅಂದೆ.

"ಆಗದಿದ್ರೆ ನಗು. ನಗೋಕೆ ನಿನಗೇನು ಹೇಳ್ಕೊಡಬೇಕಾ?"

ಮೊದಲ ವಾರ ನೆಟ್ಟಗೆ ಹೇಳಿಕೊಟ್ಟೆ. ಅದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮಾಡಿದ ಒಳ್ಳೆಯದು ಅಷ್ಟೇ. ಹಿತ್ತಲ ಮೆಟ್ಟಿಲ ಮೇಲೆ, ಡ್ರಮ್ಮಿನ ಬದಲು ಅಭ್ಯಾಸಕ್ಕೆ ಬಳಸುವ ರಬ್ಬರ್ ಹಲಗೆ ಇಟ್ಟುಕೊಂಡು ನಾನು ಬಾರಿಸುವುದು, ಅವಳು ನೋಡಿ ಬಾರಿಸುವುದು. ನಾನು ಮೂರು ವರ್ಷ ಬೆವರು ಸುರಿಸಿ ಕೂಡಿಸಿಕೊಂಡ ಪೆಟ್ಟುಗಳನ್ನು ಅವಳು ನಾಲ್ಕು ದಿನದಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಳು. ಐದನೇ ದಿನ ಅವಳು ಬಾರಿಸುತ್ತಿದ್ದಾಗ ಅಡುಗೆಮನೆಯಿಂದ ಅಮ್ಮ ಕೂಗಿ ಹೇಳಿದಳು: "ಲವೆಲ್, ಇವತ್ತು ಎಷ್ಟು ಚೆನ್ನಾಗಿ ಬಾರಿಸ್ತಿದೀಯೋ ಮಗನೇ! ಈ ಸಲ ನಿನಗೇ ಬಿಡು!"

ಜರ್ಲೀಸಾ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ನಾನೂ ನಕ್ಕೆ. ನನ್ನ ತಾಯಿಗೇ ಅವಳ ಕೈ ನನ್ನ ಕೈಗಿಂತ ಚೆನ್ನಾಗಿ ಕೇಳಿಸಿತ್ತು.

ಉಳಿದಿದ್ದು ನಡೆಯ ಕೊನೆಯ ಭಾಗ. ಅದನ್ನು ನಾವು 'ಕಚ್ಚು' ಅನ್ನುತ್ತೇವೆ. ಎಂಟು ಜನ ಭುಜಕ್ಕೆ ಭುಜ ತಾಗಿಸಿ ನಿಂತು, ಒಂದು ಗಳಿಗೆ ಎಲ್ಲ ನಿಂತುಹೋಗಿ, ಆಮೇಲೆ ಎಲ್ಲರ ಎಡಗೈಯೂ ಒಟ್ಟಿಗೆ ಮೇಲೆದ್ದು ಎಡಕ್ಕೆ ನಿಂತವನ ಡ್ರಮ್ಮಿನ ಮೇಲೆ ಮೂರು ಪೆಟ್ಟು ಹಾಕಬೇಕು. ಅಲ್ಲಿ ಜನ ಎದ್ದು ನಿಂತು ಕಿರುಚುತ್ತಾರೆ. ಒಬ್ಬನೇ ಕೂತು ರಬ್ಬರ್ ಹಲಗೆಯ ಮೇಲೆ ಬಾರಿಸಿದರೆ ಯಾವ ಕೈಯಿಂದ ಹೊಡೆದರೂ ಸದ್ದು ಒಂದೇ. ಸಾಲಿನಲ್ಲಿ ನಿಂತಾಗ ಹಾಗಲ್ಲ.

"ಇಲ್ಲಿ ಬಲಗೈ ಎತ್ತಬೇಕು. ಬಲಗಡೆಯವನ ಡ್ರಮ್ಮಿಗೆ ಮೂರು ಪೆಟ್ಟು," ಅಂದೆ.

ಮಾತು ಬಾಯಿಂದ ಸಲೀಸಾಗಿ ಬಂತು. ನಾಲಿಗೆ ತಡವರಿಸಲೂ ಇಲ್ಲ. ಅವಳು ಪಂದ್ಯಕ್ಕೆ ಬಂದಿರುತ್ತಾಳೆ, ಕಚ್ಚು ನೋಡಿರುತ್ತಾಳೆ, ಅದು ನನಗೆ ಗೊತ್ತಿತ್ತು. ಆದರೆ ಅಷ್ಟು ದೂರದಿಂದ, ಅಷ್ಟು ಗದ್ದಲದಲ್ಲಿ, ಯಾವ ಕೈ ಎದ್ದಿತು ಅಂತ ಲೆಕ್ಕ ಇಡುವವರು ಯಾರು ಅಂದುಕೊಂಡೆ. ಹೇಳಿಕೊಟ್ಟವನೂ ಹೊರಗೆ ಅನ್ನುವ ಕಟ್ಟಳೆ ನನಗೆ ಮರೆತಿರಲಿಲ್ಲ, ಆದರೆ ಅವಳ ಕೈ ತಪ್ಪಿದರೆ ಚಿಕ್ಕ ಹುಡುಗಿ ಗಾಬರಿಯಾದಳು ಅಂದುಕೊಳ್ಳುತ್ತಾರೆ, ಹೇಳಿಕೊಟ್ಟವರು ಯಾರು ಅಂತ ಯಾರೂ ಕೇಳುವುದಿಲ್ಲ ಅಂತ ನಂಬಿದ್ದೆ. ಆಮೇಲೆ ಎರಡು ವಾರ ದಿನಾ ಅದನ್ನೇ ಬಾರಿಸಿಸಿದೆ, ಅವಳು ನಿದ್ದೆಯಲ್ಲೂ ಬಲಗೈ ಎತ್ತುವ ತನಕ.

ಪರೀಕ್ಷೆ ಆಗಸ್ಟಿನ ಎರಡನೇ ವಾರ. ಜಾಗ ಒಂದು, ಬಂದವರು ಹನ್ನೊಂದು ಜನ. ಮೊದಲು ಎಲ್ಲರ ಹೆಗಲಿಗೂ ಡ್ರಮ್ ನೇತುಹಾಕಿ ಒಂದು ಗಂಟೆ ಮೈದಾನದಲ್ಲಿ ನಿಲ್ಲಿಸುವುದು ರೂಢಿ. ಡಾಂಬರು ಕರಗುವ ಬಿಸಿಲು. ಕೆಳಗಿಟ್ಟವನು ಮನೆಗೆ. ಸಾಲಿನ ಮುಖ್ಯಸ್ಥ ರೋಡ್ರೆಲ್ ಕೈಯಲ್ಲಿ ತಣ್ಣನೆಯ ಶರಬತ್ತು ಹಿಡಿದು ಒಬ್ಬೊಬ್ಬರ ಮುಂದೆಯೂ ಹೀರುತ್ತಾ ನಡೆದ.

"ಏನೋ ದಪ್ಪಾ, ಬಾಯಾರಿಕೆನಾ? ಅಮ್ಮನ್ನ ಕರೀಲಾ?"

ಆ ದಪ್ಪ ಹುಡುಗ ಬೆಳಿಗ್ಗೆ ತಿಂದ ಜೋಳದ ಗಂಜಿಯನ್ನೆಲ್ಲ ತನ್ನ ಡ್ರಮ್ಮಿನ ಮೇಲೇ ಕಕ್ಕಿದ. "ನೆಕ್ಕಿ ಕ್ಲೀನ್ ಮಾಡಿ ಹೋಗು," ಅಂದ ರೋಡ್ರೆಲ್. ಎಲ್ಲರೂ ನಕ್ಕೆವು. ಆ ಹುಡುಗ ಅಳುತ್ತಾ ತನ್ನ ಅಂಗಿ ಬಿಚ್ಚಿ ಒರೆಸಿದ.

ಜರ್ಲೀಸಾ ಮುಂದೆ ರೋಡ್ರೆಲ್ ನಿಂತ. "ನೀನು ಯಾರೇ ಸೊಳ್ಳೆ? ಡ್ರಮ್ ನಿನ್ನ ಹೊತ್ತಿದೆಯೋ, ನೀನು ಡ್ರಮ್ಮನ್ನ ಹೊತ್ತಿದೀಯೋ?"

"ಬಾರಿಸಿದಾಗ ಗೊತ್ತಾಗತ್ತೆ," ಅಂದಳು. ತುಟಿ ಒಣಗಿ ಸೀಳಿತ್ತು.

ಆಮೇಲೆ ಒಳಗೆ, ಬ್ಯಾಂಡಿನ ಕೋಣೆಯಲ್ಲಿ. ಬ್ಯಾಂಡ್ ಕಲಿಸುವ ಪರ್ವಿಸ್ ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿರುತ್ತಾರೆ. "ಯಾರ ಮಗ, ಯಾರ ಅಳಿಯ ನನಗೆ ಬೇಡ. ನಂಬರ್ ಹೇಳಿ, ಬಾರಿಸಿ, ಹೋಗಿ," ಅನ್ನುವುದು ಅವರ ಮಾತು. ಒಬ್ಬೊಬ್ಬರೇ ಹೋಗಿ ರಬ್ಬರ್ ಹಲಗೆಯ ಮೇಲೆ ಬಾರಿಸಿ ಬಂದೆವು. ಅರ್ಧ ಗಂಟೆಯ ಮೇಲೆ ಅವರು ಗೋಡೆಗೇ ಹೇಳಿದರು: "ನಾಲ್ಕು. ನಾಲ್ಕರ ಮುಂದೆ ಉಳಿದವರೆಲ್ಲ ಡಬ್ಬ ಬಡಿದ ಹಾಗಿತ್ತು. ಅದಕ್ಕೆ ಏನಾದರೂ ಆದರೆ, ಒಂಬತ್ತು."

ನಾಲ್ಕು ಜರ್ಲೀಸಾ. ಒಂಬತ್ತು ನಾನು.

ಕೊನೆಯ ಸುತ್ತು ಮೈದಾನದಲ್ಲಿ, ಜನರ ಮುಂದೆ. ಮೈದಾನದಂಚಿನ ಮೆಟ್ಟಿಲುಗಳ ಮೇಲೆ ಅಪ್ಪ ಅಮ್ಮಂದಿರು ಚರ್ಚಿನ ಬೀಸಣಿಗೆ ಹಿಡಿದು ಕೂತಿದ್ದರು. ನಮ್ಮ ಅಮ್ಮ, ಅಪ್ಪ, ದೊಡ್ಡಪ್ಪ ಮತ್ತು ಚಿಕ್ಕಮ್ಮ ಒಂದೇ ಸಾಲಿನಲ್ಲಿ. ಆರಿಸಿದವರನ್ನು ಉಳಿದ ಏಳು ಜನರ ನಡುವೆ ನಿಲ್ಲಿಸಿ 'ಹಸಿದ ನಾಯಿ' ಬಾರಿಸಿಸುತ್ತಾರೆ. ಸರಿಹೊಂದಿದರೆ ಜಾಗ ಗಟ್ಟಿ. ಸಾಲು ಮುರಿದರೆ, ಮುರಿದವನು ತನ್ನ ಹೆಗಲಿನ ಡ್ರಮ್ ಬಿಚ್ಚಿ ತನ್ನ ಕೈಯಾರೆ ಎರಡನೆಯವನಿಗೆ ತೊಡಿಸಿ ಹೋಗಬೇಕು. ಎರಡನೆಯವನಾಗಿ ನಾನು ಬದಿಯಲ್ಲಿ ನಿಂತಿದ್ದೆ.

ಅವಳ ಬಲಕ್ಕೆ ರೋಡ್ರೆಲ್. ಅವನು ದಪ್ಪ ಕೋಲಿನವನು, ಮರ ಕಡಿಯುವ ಹಾಗೆ ಹೊಡೆಯುವವನು.

ಶುರುವಾಯಿತು. ದೇವರೇ, ಎಷ್ಟು ಚೆನ್ನಾಗಿತ್ತು! ಎಂಟು ಡ್ರಮ್ ಒಂದೇ ಡ್ರಮ್ಮಾಗಿ ಕೇಳಿತು. ಮೆಟ್ಟಿಲ ಮೇಲಿದ್ದ ಮುದುಕರ ಕಾಲುಗಳು ತಾವಾಗಿ ಕುಣಿಯತೊಡಗಿದವು. ರೋಡ್ರೆಲ್ ಒಂದು ಸಲ ಅವಳ ಕಡೆ ವಾರೆಗಣ್ಣಲ್ಲಿ ನೋಡಿ ತಲೆಯಾಡಿಸಿದ. ಅವಳ ಮುಖ ಹೇಗೆ ಬೆಳಗಿತ್ತು ಅಂದರೆ, ಈಗಲೂ ಕೂಗಿ ಹೇಳಬಹುದು ಅಂತ ನನಗೆ ಒಂದು ಕ್ಷಣ ಅನ್ನಿಸಿತು. ಹೇಳಲಿಲ್ಲ. ಎಲ್ಲಿ ಅವಳು ಕೈ ಬದಲಾಯಿಸಿಬಿಡುತ್ತಾಳೋ ಅಂತ ಹಲ್ಲು ಕಚ್ಚಿ ನಿಂತೆ.

ಎಲ್ಲ ನಿಂತಿತು. ಏಳು ಎಡಗೈ ಎದ್ದವು. ಅವಳ ಬಲಗೈ ಎದ್ದು ಬಲಕ್ಕೆ ಹೋಯಿತು, ರೋಡ್ರೆಲ್‌ನ ಎಡಗೈ ಎಡಕ್ಕೆ ಬಂತು. ಅವನ ಕೋಲು ಪೂರ್ತಿ ಬಲದಿಂದ ಅವಳ ಬೆರಳ ಗೆಣ್ಣಿನ ಮೇಲೆ ಬಿತ್ತು. ಆ ಸದ್ದು ಮೆಟ್ಟಿಲ ತನಕ ಕೇಳಿತು. ಅವಳ ಕೋಲು ಹಾರಿ ಹುಲ್ಲಿನಲ್ಲಿ ಬಿತ್ತು.

"ನಾಯಿಗೆ ಮೂಳೆ ಸಿಕ್ತು ಕಣ್ರೋ!" ಅಂದ ರೋಡ್ರೆಲ್.

ಸಾಲಿಗೆ ಸಾಲೇ ನಕ್ಕಿತು. ಮೆಟ್ಟಿಲ ಮೇಲೂ ನಕ್ಕರು, ದೊಡ್ಡಪ್ಪನ ನಗು ಎಲ್ಲಕ್ಕಿಂತ ದೊಡ್ಡದಾಗಿ ಕೇಳಿತು. ಜರ್ಲೀಸಾ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು, ಅಳಲಿಲ್ಲ.

ಪರ್ವಿಸ್ ಮೇಷ್ಟ್ರು ನಿಧಾನವಾಗಿ ಅವಳ ಹತ್ತಿರ ಬಂದರು. ಅವರು ನಗುತ್ತಿರಲಿಲ್ಲ. "ಇಷ್ಟು ಶುದ್ಧವಾಗಿ ಬಾರಿಸೋ ಕೈ ತಾನಾಗಿ ಅಂಥ ತಪ್ಪು ಮಾಡಲ್ಲ. ಇದನ್ನ ಯಾರೋ ಹಾಗೇ ಹೇಳಿಕೊಟ್ಟಿದಾರೆ. ಯಾರಮ್ಮಾ ಹೇಳಿಕೊಟ್ಟಿದ್ದು?"

ಅವಳು ನನ್ನ ಕಡೆ ನೋಡಿದರೂ ಸಾಕಿತ್ತು, ನಾನೂ ಹೊರಗೆ.

"ಯಾರೂ ಇಲ್ಲ ಸರ್," ಅಂದಳು. "ನಾನೇ ದೂರದಿಂದ ನೋಡಿ ಕಲಿತೆ."

"ಕದ್ದು ಕಲಿತೆ ಅನ್ನು."

"ಹೌದು ಸರ್."

"ಕದ್ದವರಿಗೆ ನನ್ನ ಬ್ಯಾಂಡಿನಲ್ಲಿ ತಟ್ಟೆ ಹಿಡಿಯೋ ಜಾಗವೂ ಇಲ್ಲ. ಈ ವರ್ಷ ಅಂತಲ್ಲ, ಯಾವತ್ತೂ ಇಲ್ಲ. ಬಿಚ್ಚಿ ಕೊಟ್ಟು ಹೋಗು." ಮೇಷ್ಟ್ರು ತಿರುಗಿ ನಡೆದರು. ಅವರಿಗೆ ಬೇಜಾರಾಗಿತ್ತು ಅಂತ ನಡಿಗೆಯಲ್ಲೇ ಗೊತ್ತಾಯಿತು, ಆದರೆ ಅವರ ಬೇಜಾರಿನಿಂದ ಯಾರಿಗೇನು ಲಾಭ?

ಅವಳು ಒಂದೇ ಕೈಯಲ್ಲಿ ಕೊಂಡಿ ಬಿಚ್ಚಿದಳು. ಯಾರೂ ಸಹಾಯ ಮಾಡುವ ಹಾಗಿಲ್ಲ, ಅದೂ ಕಟ್ಟಳೆ. ಬಲಗೈಯ ಉಂಗುರದ ಬೆರಳು ಅಷ್ಟರಲ್ಲೇ ನೇರಳೆ ಬಣ್ಣಕ್ಕೆ ತಿರುಗಿ ಊದಿತ್ತು. ಡ್ರಮ್ಮನ್ನು ಮೊಣಕಾಲಿನಿಂದ ಎತ್ತಿ, ಎದೆಗೆ ಆನಿಸಿ, ನನ್ನ ಹೆಗಲಿಗೆ ಹಾಕಿದಳು. ಕೊಂಡಿ ಬಿಗಿಯಲು ಹತ್ತಿರ ಬಂದಾಗ ಅವಳ ಬಾಯಿ ನನ್ನ ಕಿವಿಯ ಪಕ್ಕ ಇತ್ತು. ಬೈಯುತ್ತಾಳೆ ಅಂತ ಕಾದೆ. ಉಗಿದರೂ ಒರೆಸಿಕೊಳ್ಳಲು ತಯಾರಾಗಿದ್ದೆ.

"ಅಣ್ಣ, ಹುಷಾರು," ಅಂತ ಪಿಸುಗುಟ್ಟಿದಳು. "ಅಲ್ಲಿ ಎಡಗೈ ಕಣೋ. ಚಿಕ್ಕವಳಿದ್ದಾಗಿಂದ ನಾನು ಪ್ರತಿ ಶುಕ್ರವಾರ ಅವರ ಕೈಗಳನ್ನೇ ನೋಡ್ತಿದ್ದೆ. ನೀನು ಬಲ ಅಂದೆ, ನಾನೇ ತಪ್ಪು ನೋಡಿರಬೇಕು ಅಂದ್ಕೊಂಡೆ. ನಿನಗೆ ಯಾರೋ ತಪ್ಪು ಹೇಳ್ಕೊಟ್ಟಿದಾರೆ. ಮರೀಬೇಡ, ಎಡಗೈ. ಇಲ್ಲಾಂದ್ರೆ ನಿನ್ನ ಕೈಯೂ ಮುರೀತಾನೆ."

ಕೊಂಡಿ ಬಿಗಿದು, ನನ್ನ ಎದೆಯನ್ನು ಒಂದು ಸಲ ತಟ್ಟಿ, ಹೋಗಿ ಬೇಲಿಯ ಪಕ್ಕ ನಿಂತಳು.

ಆಮೇಲೆ ನನ್ನ ಕೈ ನಡುಗಿತು, ಕೋಲು ಜಾರಿತು, ನಾನು ಎಲ್ಲ ಒಪ್ಪಿಕೊಂಡೆ ಅಂತ ನೀವು ಎಣಿಸಿದ್ದರೆ ನಿಮಗೆ ನನ್ನ ಪರಿಚಯ ಇನ್ನೂ ಆಗಿಲ್ಲ. ನನ್ನ ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ಬಾರಿಸಿದ್ದಿಲ್ಲ. ಒಂದು ಪೆಟ್ಟೂ ತಪ್ಪಲಿಲ್ಲ. ಕಚ್ಚು ಬಂತು, ಎಂಟು ಎಡಗೈ ಒಟ್ಟಿಗೆ ಎದ್ದವು, ಜನ ಎದ್ದು ನಿಂತರು. ದೊಡ್ಡಪ್ಪ ಟೋಪಿ ತೆಗೆದು ಬೀಸಿದ. ಬೇಲಿಯ ಪಕ್ಕ ಜರ್ಲೀಸಾ ಒಂದು ಕೈಯಿಂದ ತನ್ನ ತೊಡೆ ತಟ್ಟಿಕೊಂಡು ಕುಣಿಯುತ್ತಿದ್ದಳು.

ಅವಳು ಮತ್ತೆ ಕೋಲು ಹಿಡಿಯಲಿಲ್ಲ. ಆ ಬೆರಳು ಈಗಲೂ ಮಡಚುವುದಿಲ್ಲ. ನನಗೆ ಡ್ರಮ್ಮಿನ ವಿದ್ಯಾರ್ಥಿವೇತನದಿಂದ ಕಾಲೇಜು ಸಿಕ್ಕಿತು, ಕಾಲೇಜಿನಿಂದ ಕೆಲಸ ಸಿಕ್ಕಿತು. ಪ್ರತಿ ವರ್ಷ ನವೆಂಬರಿನಲ್ಲಿ ಮನೆಮಂದಿಯೆಲ್ಲ ನಮ್ಮಲ್ಲಿ ಹಬ್ಬದ ಊಟಕ್ಕೆ ಸೇರುತ್ತಾರೆ. ನನ್ನ ಮಕ್ಕಳಿಗೆ ಜರ್ಲೀಸಾ ಅತ್ತೆ ಹೇಳುವ ಆ ದಿನದ ಕಥೆ ಅಂದರೆ ಪ್ರಾಣ. ಬಿಸಿಲು, ವಾಂತಿ ಮಾಡಿದ ಹುಡುಗ, ನಾಯಿಗೆ ಸಿಕ್ಕ ಮೂಳೆ, ಎಲ್ಲ ನಗುನಗುತ್ತಾ ಹೇಳುತ್ತಾಳೆ. ಮಡಚದ ಬೆರಳಿನ ಕೈಯಲ್ಲಿ ಸಿಹಿಗೆಣಸಿನ ಪೈ ಬಡಿಸುತ್ತಾ ಕೊನೆಗೆ ನನ್ನ ಕಡೆ ತಿರುಗುತ್ತಾಳೆ.

"ನಾನು ಆವತ್ತು ನಿನ್ನ ಕಿವೀಲಿ ಹೇಳದಿದ್ರೆ ನಿನ್ನ ಗತಿ ಏನಾಗ್ತಿತ್ತು, ಹೇಳಣ್ಣ?"

ಮಕ್ಕಳು ನನ್ನ ಬಾಯನ್ನೇ ನೋಡುತ್ತಾರೆ.

"ನನ್ನ ಕೈಯೂ ಮುರೀತಿತ್ತು ಕಣೇ," ಅನ್ನುತ್ತೇನೆ.