ಬಲೆಯ ಕಣ್ಣು

ಅಕ್ಟೋಬರ್ ಒಂಬತ್ತು, ಗುರುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಬ್ರಸೆಲ್ಸ್‌ನ ಯುರೋಪಿಯನ್ ಸಂಸತ್ ಭವನದಲ್ಲಿ ಪ್ರತಿ ಬಾಗಿಲ ಮುಂದೆಯೂ ಒಂದೊಂದು ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ತಿಂಗಳಿಗೊಮ್ಮೆ ಇಡೀ ಸಂಸತ್ತು ಸ್ಟ್ರಾಸ್‌ಬರ್ಗಿಗೆ ಗುಳೆ ಹೊರಡುವಾಗ ಕಾಗದಪತ್ರಗಳು ಲಾರಿ ಹತ್ತುವುದು ಇವುಗಳಲ್ಲೇ. ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಮಾರಿವೋನ್ ತನ್ನ ಪೆಟ್ಟಿಗೆಗೆ ಬೀಗ ಕೊಂಡು ತಂದಿದ್ದಳು.

ಫ್ರಾನ್ಸಿನ ಬ್ರಿಟನಿ ಕರಾವಳಿಯ ಮೀನುಗಾರರ ಊರೊಂದರ ಮೇಯರ್ ಆಗಿ, ಪ್ಯಾರಿಸ್ಸಿನಲ್ಲಿ ಸಮುದ್ರ ಖಾತೆಯ ಮಂತ್ರಿಯಾಗಿ, ಆಮೇಲೆ ಇಲ್ಲಿಗೆ ಸಂಸದೆಯಾಗಿ ಬಂದವಳು ಅವಳು. ಈಗ ಫ್ರಾನ್ಸ್ ಸರ್ಕಾರ ಅವಳ ಹೆಸರನ್ನು ಯುರೋಪಿನ ಒಕ್ಕೂಟದಲ್ಲಿ ಮೀನುಗಾರಿಕೆ ನೋಡಿಕೊಳ್ಳುವ ಕಮಿಷನರ್ ಹುದ್ದೆಗೆ ಸೂಚಿಸಿತ್ತು. ಬರುವ ಬುಧವಾರ ಸ್ಟ್ರಾಸ್‌ಬರ್ಗಿನಲ್ಲಿ ಸಂಸದರ ಸಮಿತಿ ಅವಳನ್ನು ಪ್ರಶ್ನಿಸಿ ಒಪ್ಪಬೇಕು, ಇಲ್ಲವೇ ತಿರಸ್ಕರಿಸಬೇಕು. ಅಷ್ಟರಲ್ಲೇ ಅವಳ ಗುಟ್ಟಿನ ಟಿಪ್ಪಣಿಗಳು ಎರಡು ಸಲ ಅವಳದೇ ಮೀನುಗಾರರ ಊರಿನ ಪತ್ರಿಕೆಯಲ್ಲಿ ಅಚ್ಚಾಗಿದ್ದವು.

ಮೀನು ಬಲೆಯ ಕಣ್ಣು ಹಿಗ್ಗಿದಷ್ಟೂ ಸಣ್ಣ ಮೀನು ತಪ್ಪಿಸಿಕೊಳ್ಳುತ್ತದೆ, ಮೀನುಗಾರರ ಗಳಿಕೆ ಕುಗ್ಗುತ್ತದೆ. ಈಗ ಎಂಬತ್ತು ಮಿಲಿಮೀಟರ್ ಇರುವ ಆ ಕಣ್ಣನ್ನು ಎಷ್ಟಕ್ಕೆ ಹಿಗ್ಗಿಸಲು ತಾನು ಒಪ್ಪುವೆ ಎಂಬ ಟಿಪ್ಪಣಿಯನ್ನು ಅವಳು ಬೇಕೆಂದೇ ಎರಡು ಬಗೆಯಲ್ಲಿ ಬರೆದಿದ್ದಳು. ಸಹಾಯಕ ತುಗ್ದುಆಲ್‌ನ ಪ್ರತಿಯಲ್ಲಿ ಎಂಬತ್ತಮೂರು, ಪ್ಯಾರಿಸ್ಸಿನಿಂದ ಹೊಸದಾಗಿ ಬಂದ ಸಲಹೆಗಾರ ಕ್ಲೋಟೇರ್‌ನ ಪ್ರತಿಯಲ್ಲಿ ಎಂಬತ್ತೇಳು. ಯಾವ ಅಂಕೆ ಅಚ್ಚಾಗುವುದೋ ಅವನೇ ಕಳ್ಳ. ನಿಜವಾದ ತೊಂಬತ್ತೈದನ್ನು ಅವಳು ಎಲ್ಲೂ ಬರೆದಿರಲಿಲ್ಲ. ಬಾಯಿಬಿಟ್ಟದ್ದು ಒಬ್ಬರೆದುರು ಮಾತ್ರ, ಕಳೆದ ಭಾನುವಾರ ಊಟಕ್ಕೆ ಕರೆದಿದ್ದ ಪಕ್ಷದ ಹಿರಿಯ ವೊದ್ರೇ ಎದುರು. ಅವಳನ್ನು ಕೈಹಿಡಿದು ರಾಜಕೀಯಕ್ಕೆ ತಂದವರು, ಈ ಹುದ್ದೆಗೆ ಹೆಸರು ಎತ್ತಿದವರು ಅವರೇ.

ತುಗ್ದುಆಲ್ ಬಂದು, ಪ್ರತಿ ಸಲದಂತೆ ಬೆಣ್ಣೆ ಬಿಸ್ಕತ್ತಿನ ಡಬ್ಬಿಯನ್ನು ಪೆಟ್ಟಿಗೆಯ ಮೂಲೆಯಲ್ಲಿಟ್ಟ. ಬೀಗ ಕಣ್ಣಿಗೆ ಬಿತ್ತು.

“ಏನ್ ಮೇಡಂ, ಈ ಸಲ ಬಂಗಾರ ಹೋಗ್ತಿದ್ಯಾ?”

“ಟಿಪ್ಪಣಿ ಓದಿದ್ಯಾ?”

“ಓದ್ದೆ. ಎಂಬತ್ಮೂರು.” ಅವನು ತಲೆ ಕೆರೆದುಕೊಂಡ. “ನಮ್ಮಪ್ಪ ನಲವತ್ತು ವರ್ಷ ಬಲೆ ಬೀಸ್ದ. ಎಂಬತ್ಮೂರರ ಬಲೆ ಹೆಣೆಯೋನನ್ನ ನಾನಂತೂ ನೋಡಿಲ್ಲ. ನಮ್ಮ ಬಂದರಲ್ಲಿ ಎಲ್ಲಾ ಐದೈದರ ಲೆಕ್ಕ. ನಿಮಗೂ ಗೊತ್ತಿತ್ತು, ಪ್ಯಾರಿಸ್ಸಲ್ಲಿ ಮರೆತ್ರಿ.”

ಅವಳು ಬೀಗವನ್ನು ಕೈಗೆತ್ತಿಕೊಂಡಳು.

“ಅಂದ್ಮೇಲೆ ಈ ಬಲೆ ಮೀನಿಗಲ್ಲ. ನನಗೆ.”

“ಇನ್ಯಾರನ್ನ ಅನುಮಾನಿಸ್ಲಿ, ನೀನೇ ಹೇಳು. ನನ್ನ ಮೇಜಿನ ಹತ್ರ ಬರೋರು ನೀವಿಬ್ರೇ.”

“ಹದಿನೆಂಟು ವರ್ಷ ಆಯ್ತು. ಕೇಳಿದ್ರೆ ಸಾಕಿತ್ತು.” ಅವನು ಕಚೇರಿಯ ಕೀಲಿಯನ್ನು ಮೇಜಿನ ಮೇಲಿಟ್ಟ. “ಕ್ಲೋಟೇರ್‌ನ ಕರ್ಕೊಂಡ್ ಹೋಗಿ. ಅವನಿಗೆ ಬಲೆ ಅಂದ್ರೆ ಟೆನಿಸ್ ಅಂಗಳದ್ದು. ಏನೂ ಅನುಮಾನ ಬರಲ್ಲ.”

ಅವನು ಹೊರಟುಹೋದ; ಅವಳು ಹಿಂದಕ್ಕೆ ಕರೆಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡಳು. ಬೀಗ ಹಾಕಿ ಎರಡು ಸಲ ಎಳೆದು ನೋಡಿದಳು.

ಸೋಮವಾರ ಸ್ಟ್ರಾಸ್‌ಬರ್ಗಿನಲ್ಲಿ ಬೀಗ ತೆಗೆದಾಗ ಡಬ್ಬಿ ಇಟ್ಟಲ್ಲೇ ಇತ್ತು. ಕ್ಲೋಟೇರ್ ಊರಿನ ಪತ್ರಿಕೆ ಹಿಡಿದು ಬಾಗಿಲಲ್ಲೇ ನಿಂತ.

“ದೋಣಿಗಳನ್ನ ಅಡ್ಡ ನಿಲ್ಲಿಸಿ ಬಂದರು ಮುಚ್ಚಿದಾರಂತೆ ಮೇಡಂ. ಆದ್ರೆ ಇದು ನನ್ನ ಕಾಗದದಲ್ಲಿದ್ದ ಅಂಕೆ ಅಲ್ಲ.”

“ತುಗ್ದುಆಲ್‌ದು,” ಎಂದು ಅವಳು ಕೈ ಚಾಚಿದಳು.

ಮೊದಲ ಪುಟದಲ್ಲಿ ಬಲೆಯ ಚಿತ್ರ. ಅದರ ಕೆಳಗೆ, ಅವಳು ಒಪ್ಪಲಿರುವ ಅಳತೆ: ತೊಂಬತ್ತೈದು ಮಿಲಿಮೀಟರ್.